ಫೋನ್ ತಂತಿಯ ಮೇಲೆ ಇಂಟರ್ನೆಟ್: ಡಯಲ್‌ಅಪ್ ಮೋಡೆಮ್ ಕೆಲಸ ಮಾಡುತ್ತಿದ್ದ ಬಗೆ

ಆಗ ಇಂಟರ್ನೆಟ್‌ಗೆ ಫೋನ್ ಮಾಡಬೇಕಿತ್ತು. ಮಾತಿಗೆ ಹೇಳುತ್ತಿಲ್ಲ, ನಡೆಯುತ್ತಿದ್ದುದೇ ಹಾಗೆ. ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ಕಂಪ್ಯೂಟರ್ ಜಾಲಕ್ಕೆ ಸೇರಬೇಕಾದರೆ ಮೊದಲು ಫೋನ್ ಲೈನ್ ಹಿಡಿಯಬೇಕು, ನಂಬರ್ ಒತ್ತಬೇಕು, ಆ ಕಡೆ ಎತ್ತುವವರೆಗೆ ಕಾಯಬೇಕು. ಆ ಕಡೆ ಎತ್ತುತ್ತಿದ್ದುದು ಇನ್ನೊಂದು ಯಂತ್ರ. ಎರಡು ಯಂತ್ರಗಳೂ ಅರ್ಧ ನಿಮಿಷ ಕಿರುಚಾಡಿ, ಒಂದು ಒಪ್ಪಂದಕ್ಕೆ ಬಂದು, ಆಮೇಲೆ ಮೌನವಾಗಿ ಕೆಲಸ ಶುರು ಮಾಡುತ್ತಿದ್ದವು. ನಮ್ಮ ಕಡೆಯ ಯಂತ್ರದ ಹೆಸರು ಮೋಡೆಮ್.

ಇದನ್ನು ನೋಡದೆ ಬೆಳೆದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಅಷ್ಟು ಸದ್ದು ಯಾಕೆ? ಇಂಟರ್ನೆಟ್ ನೋಡುವಾಗ ಮನೆಯ ಫೋನ್ ಯಾಕೆ ಎಂಗೇಜ್ ಆಗುತ್ತಿತ್ತು? ಅಷ್ಟು ನಿಧಾನ ಯಾಕೆ? ಮೂರಕ್ಕೂ ಉತ್ತರ ಒಂದೇ. ಆ ತಂತಿಯನ್ನು ಎಳೆದದ್ದು ಮನುಷ್ಯರ ದನಿಗಾಗಿ. ಅದರ ಮೇಲೆ ಕಂಪ್ಯೂಟರಿನ ಮಾಹಿತಿ ಸಾಗಿಸಬೇಕಾದರೆ ಆ ಮಾಹಿತಿಯೂ ದನಿಯ ವೇಷ ಹಾಕಲೇಬೇಕಿತ್ತು.

ಸ್ವಲ್ಪ ಬಿಡಿಸಿ ನೋಡೋಣ. ಹಳೆಯ ಟೆಲಿಫೋನ್ ವ್ಯವಸ್ಥೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ದಾಟಿಸುತ್ತದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಮಾತು ಅರ್ಥವಾಗಲು ಅಷ್ಟು ಸಾಕು. ಅದಕ್ಕಿಂತ ಮಂದ್ರವನ್ನೂ ತಾರವನ್ನೂ ವ್ಯವಸ್ಥೆ ಕತ್ತರಿಸಿ ಹಾಕುತ್ತದೆ. ಇತ್ತ ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಮೋಡೆಮ್ ಈ ಸೊನ್ನೆ-ಒಂದುಗಳನ್ನು 300 ಮತ್ತು 3,400ರ ನಡುವೆ ಹಿಡಿಸುವ ಸದ್ದಾಗಿ ಮಾರ್ಪಡಿಸಿ ಕಳಿಸುತ್ತದೆ. ಬಂದ ಸದ್ದನ್ನು ಮತ್ತೆ ಸೊನ್ನೆ-ಒಂದಾಗಿ ಬಿಡಿಸಿ ಕಂಪ್ಯೂಟರಿಗೆ ಕೊಡುತ್ತದೆ. ಫೋನಿನಲ್ಲಿ ಒಂದು ಸಲಕ್ಕೆ ಒಂದು ಕರೆ ತಾನೇ? ಮೋಡೆಮ್ ಮಾತಾಡುತ್ತಿದ್ದರೆ ಮನೆಯವರು ಮಾತಾಡುವ ಹಾಗಿಲ್ಲ.

ಮೋಡೆಮ್‌ಗಳಲ್ಲಿ ಎರಡು ಬಗೆ. ಒಂದು, ಮೇಜಿನ ಮೇಲೆ ಕೂರುವ ಹೊರ ಮೋಡೆಮ್. ಮುಂದೆ ಸಾಲಾಗಿ ಪುಟ್ಟ ದೀಪಗಳು, ಹಿಂದೆ ಕಂಪ್ಯೂಟರಿನ ಸೀರಿಯಲ್ ಪೋರ್ಟ್‌ಗೆ, ಎಂದರೆ ಪಿನ್ನುಗಳಿರುವ ಹಳೆಯ ಕಿಂಡಿಗೆ, ಹೋಗುವ ದಪ್ಪ ಕೇಬಲ್. ಇನ್ನೊಂದು, ಕಂಪ್ಯೂಟರಿನ ಒಳಗೇ ಸಿಕ್ಕಿಸುವ ಕಾರ್ಡ್. ಇದು ಅಗ್ಗ. ಅಗ್ಗದ ಕಾರ್ಡುಗಳಲ್ಲಿ ಹೆಚ್ಚಿನವು ‘ವಿನ್‌ಮೋಡೆಮ್’ಗಳು: ಸದ್ದನ್ನು ಬಿಡಿಸುವ ಕಷ್ಟದ ಲೆಕ್ಕವನ್ನು ತಾವು ಮಾಡದೆ ಕಂಪ್ಯೂಟರಿನ ಪ್ರೊಸೆಸರ್‌ಗೆ ಒಪ್ಪಿಸಿಬಿಡುತ್ತಿದ್ದವು. ಹಾಗಾಗಿ ಇಂಟರ್ನೆಟ್‌ಗೆ ಸೇರಿದ ಕೂಡಲೇ ಹಳೆಯ ಕಂಪ್ಯೂಟರ್ ಮಂಕಾಗುತ್ತಿತ್ತು. ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದವರನ್ನು ಅವು ಕೆಲಸವೇ ಮಾಡದೆ ಗೋಳು ಹೊಯ್ದುಕೊಳ್ಳುತ್ತಿದ್ದವು. ಎರಡೂ ಬಗೆಯ ಮೋಡೆಮ್‌ಗೆ ಹಿಂಬದಿಯಲ್ಲಿ ಎರಡು ಫೋನ್ ಕಿಂಡಿ. ‘ಲೈನ್’ ಎಂದು ಬರೆದದ್ದಕ್ಕೆ ಗೋಡೆಯಿಂದ ಬಂದ ತಂತಿ, ‘ಫೋನ್’ ಎಂದು ಬರೆದದ್ದಕ್ಕೆ ಮನೆಯ ಟೆಲಿಫೋನು.

ಪೆಟ್ಟಿಗೆ ಇದ್ದರೆ ಸಾಲದು, ಆ ಕಡೆ ಎತ್ತುವವರೂ ಬೇಕು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಈ ಸೇವೆ ತೆರೆದದ್ದು ವಿದೇಶ್ ಸಂಚಾರ್ ನಿಗಮ್, 1995ರ ಆಗಸ್ಟ್ 15ರಂದು. ಎಲ್ಲರೂ ವಿಎಸ್‌ಎನ್‌ಎಲ್ ಎನ್ನುತ್ತಿದ್ದರು. ದರ ಕೇಳಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ವ್ಯಕ್ತಿಯೊಬ್ಬರಿಗೆ 250 ಗಂಟೆಗೆ 5,000 ರೂಪಾಯಿ, ವೇಗ ಸೆಕೆಂಡಿಗೆ 9,600 ಬಿಟ್. ವಿದ್ಯಾರ್ಥಿಗಳಿಗೆ 500 ರೂಪಾಯಿಯ ‘ಶೆಲ್ ಅಕೌಂಟ್’ ಇತ್ತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರಿಯ ಅಕ್ಷರ. ‘ಪೈನ್’ ಎಂಬ ತಂತ್ರಾಂಶದಲ್ಲಿ ಇಮೇಲ್, ‘ಲಿಂಕ್ಸ್’ ಎಂಬ ಬ್ರೌಸರಿನಲ್ಲಿ ಜಾಲತಾಣ. ನನ್ನ ಅಭಿಪ್ರಾಯ ಕೇಳಿದರೆ, ಆ ವೇಗಕ್ಕೆ ಅದೇ ಸರಿಯಾದ ಇಂಟರ್ನೆಟ್. ಅಕ್ಷರಗಳು ಓದುವ ವೇಗಕ್ಕಿಂತ ಬೇಗ ಬರುತ್ತಿದ್ದವು, ಕಾಯುವ ಕೆಲಸವೇ ಇರಲಿಲ್ಲ.

ಮೊದಮೊದಲು ಈ ಸೇವೆ ಕೆಲವೇ ಮಹಾನಗರಗಳಲ್ಲಿತ್ತು. ಹತ್ತಿರದ ನೋಡ್, ಎಂದರೆ ಮೋಡೆಮ್ ಕರೆಗಳನ್ನು ಎತ್ತಿಕೊಳ್ಳುವ ಕೇಂದ್ರ, ಬೆಂಗಳೂರಿನಲ್ಲಿದ್ದರೆ ಮೈಸೂರಿನವರಿಗೆ ಅದು ಎಸ್‌ಟಿಡಿ, ಎಂದರೆ ಹೊರ ಊರಿನ, ಕರೆ. ಚಂದಾ ಹಣ ಬೇರೆ, ಎಸ್‌ಟಿಡಿ ಬಿಲ್ ಬೇರೆ. ಆಗ ರಾತ್ರಿ ಹನ್ನೊಂದರ ನಂತರ ಎಸ್‌ಟಿಡಿಗೆ ಕಾಲು ದರವಿತ್ತು. ನಿದ್ದೆಗೆಟ್ಟು ಕಂಪ್ಯೂಟರ್ ಮುಂದೆ ಕೂರುವ ಅಭ್ಯಾಸ ಮಧ್ಯಮ ವರ್ಗದ ಮನೆಗಳಿಗೆ ಹತ್ತಿದ್ದು ಇಂಥ ಲೆಕ್ಕಾಚಾರಗಳಿಂದ. ನೋಡ್ ಊರಿಗೇ ಬಂದ ಮೇಲೆ ಅದು ಸ್ಥಳೀಯ ಕರೆಯಾಯಿತು. ನಿಜವಾದ ಬಾಗಿಲು ತೆರೆದದ್ದು ಆಗಲೇ.

1998ರ ನವೆಂಬರಿನಲ್ಲಿ ಸರ್ಕಾರ ಖಾಸಗಿ ಕಂಪನಿಗಳಿಗೂ ಅವಕಾಶ ಕೊಟ್ಟಿತು. ಸತ್ಯಂ ಇನ್ಫೋವೇ ಮೊದಲು ಬಂತು. ಗಂಟೆಗಳ ಲೆಕ್ಕದ ಪೊಟ್ಟಣಗಳು, ಜೊತೆಗೊಂದು ಸಿಡಿ, ಅಂಗಡಿಗಳಲ್ಲಿ ಸಿಗತೊಡಗಿದವು. ಪೊಟ್ಟಣದೊಳಗೆ ಯೂಸರ್‌ನೇಮ್, ಪಾಸ್‌ವರ್ಡ್, ಡಯಲ್ ಮಾಡಬೇಕಾದ ನಂಬರ್. 2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಆದವು. ಅದರ ಸಂಚಾರ್‌ನೆಟ್ ಸೇವೆಯ ನಂಬರ್ 172222, ಎಷ್ಟೋ ಜನರಿಗೆ ಇಂದಿಗೂ ಬಾಯಿಪಾಠ. 172233 ಎಂಬ ಇನ್ನೊಂದು ಸೇವೆಯಲ್ಲಿ ಮುಂಗಡ ಕಾರ್ಡಿನ ಗೊಡವೆಯಿಲ್ಲ, ಬಳಸಿದ್ದು ಫೋನ್ ಬಿಲ್ಲಿಗೇ ಸೇರುತ್ತಿತ್ತು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಆ ಬಿಲ್ಲನ್ನು ಮನೆಯ ಹಿರಿಯರು ಮೊದಲು ಬಿಡಿಸುತ್ತಿದ್ದರು. ಇಂಟರ್ನೆಟ್ ಕಾರ್ಡು ಕೊಂಡಾಗಿದೆಯಲ್ಲ, ಮತ್ತೆ ಕರೆಯ ದುಡ್ಡೇಕೆ ಎಂದು ಆಗ ಎಲ್ಲರೂ ಕೇಳುತ್ತಿದ್ದರು. ಕಾರ್ಡಿನ ದುಡ್ಡು ಆ ಕಡೆಯ ಯಂತ್ರಕ್ಕೆ, ಕರೆಯ ದುಡ್ಡು ನಡುವಿನ ತಂತಿಗೆ. ಎರಡಕ್ಕೂ ಮೀಟರ್ ಒಟ್ಟಿಗೆ ಓಡುತ್ತಿತ್ತು.

ಈಗ ಆ ಸದ್ದಿಗೆ ಬರೋಣ. ಅದರಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದು ಕೆಲಸವಿದೆ.

ಮೊದಲು ‘ಟಕ್’ ಎಂಬ ಸದ್ದು. ಅದು ಮೋಡೆಮ್ ಲೈನ್ ಹಿಡಿದ ಗುರುತು. ಆಮೇಲೆ ಡಯಲ್ ಟೋನ್, ನಂಬರ್ ಒತ್ತಿದ ಸ್ವರಗಳು, ರಿಂಗ್. ಆ ಕಡೆಯ ಮೋಡೆಮ್ ಎತ್ತಿದ ಕೂಡಲೇ 2,100 ಹರ್ಟ್ಸಿನ ಒಂದು ಉದ್ದ ಸ್ವರ ಹೊರಡಿಸುತ್ತದೆ. ‘ನಾನು ಯಂತ್ರ’ ಎಂದು ಹೇಳುವುದು ಅದರ ಒಂದು ಕೆಲಸ. ಇನ್ನೊಂದು, ದಾರಿಯಲ್ಲಿರುವ ಪ್ರತಿಧ್ವನಿ ತಡೆಯುವ ಉಪಕರಣಗಳನ್ನು ನಿಲ್ಲಿಸುವುದು. ಮನುಷ್ಯರು ಮಾತಾಡುವಾಗ ಆ ಉಪಕರಣಗಳು ಉಪಕಾರಿ. ಮೋಡೆಮ್‌ಗಳಿಗೆ ಅವೇ ಅಡ್ಡಿ, ಏಕೆಂದರೆ ಇವು ಎರಡೂ ಒಟ್ಟಿಗೆ ಮಾತಾಡುತ್ತವೆ. ಮುಂದಿನ ಚಿಕ್ಕ ಚಿಕ್ಕ ಚಿಲಿಪಿಲಿಯಲ್ಲಿ ‘ನನಗೆ ಈ ವಿಧಾನಗಳು ಗೊತ್ತು, ನಿನಗೆ ಯಾವುದು ಗೊತ್ತು?’ ಎಂಬ ವಿಚಾರಣೆ. ಆಮೇಲೆ ಲೈನ್ ಪರೀಕ್ಷೆ: ಒಂದು ಮೋಡೆಮ್ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಕಳಿಸುತ್ತದೆ, ಯಾವುದು ಎಷ್ಟು ಸವೆದು ಬಂತು ಎಂದು ಇನ್ನೊಂದು ಅಳೆಯುತ್ತದೆ. ಕೊನೆಗೆ ಕೇಳುವ ‘ಖರ್‌ರ್’ ಎಂಬ ಜೋರು ಒರಟು ಸದ್ದು ತರಬೇತಿ. ಕಛೇರಿಗೆ ಮುಂಚೆ ತಂಬೂರಿ ಶ್ರುತಿ ಮಾಡಿಕೊಳ್ಳುವಂತೆ, ಆ ದಿನದ ಆ ಲೈನಿಗೆ ಹೊಂದಿಕೊಳ್ಳಲು ಎರಡೂ ತಮ್ಮನ್ನು ತಿದ್ದಿಕೊಳ್ಳುತ್ತವೆ. ಇಷ್ಟಾದ ಮೇಲೆ ಮೋಡೆಮ್ ತನ್ನ ಸ್ಪೀಕರನ್ನು ತಾನೇ ಮುಚ್ಚುತ್ತದೆ. ಸದ್ದು ನಿಂತಿತೆಂದರೆ ಸಂಪರ್ಕ ಸಿಕ್ಕಿತು. ಮಾತು ಮಾತ್ರ ಒಳಗೆ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಎಕ್ಸ್‌ಟೆನ್ಶನ್ ಫೋನ್ ಎತ್ತಿದರೆ ಅದೇ ಒರಟು ಸದ್ದು ಕಿವಿಗೆ ರಾಚುತ್ತಿತ್ತು.

ಹಾಗಾದರೆ ಸ್ಪೀಕರ್ ಇಟ್ಟದ್ದೇಕೆ? ತಪ್ಪು ಎಲ್ಲಿದೆ ಎಂದು ಕಿವಿಗೆ ತಿಳಿಯಲಿ ಎಂದು. ಎಂಗೇಜ್ ಟೋನ್ ಬಂದರೆ ನೋಡ್ ಭರ್ತಿ, ಸಂಜೆಯ ಹೊತ್ತು ಇದು ಸಾಮಾನ್ಯ. ಮನುಷ್ಯರ ‘ಹಲೋ’ ಕೇಳಿದರೆ ನಂಬರ್ ತಪ್ಪು, ಕೂಡಲೇ ನಿಲ್ಲಿಸಬೇಕು. ತರಬೇತಿಯ ಸದ್ದು ಎರಡೆರಡು ಸಲ ಮರುಕಳಿಸಿದರೆ ಲೈನ್ ಕೆಟ್ಟಿದೆ, ವೇಗ ಕಡಿಮೆ ಸಿಗುತ್ತದೆ. ಕೆಲವು ವಾರ ಬಳಸಿದವರು ಪರದೆ ನೋಡದೆಯೇ ಇಷ್ಟನ್ನೂ ಹೇಳಬಲ್ಲವರಾಗಿದ್ದರು. ಒಂದು ಯಂತ್ರ ತನ್ನ ಕಷ್ಟವನ್ನು ಇಷ್ಟು ತೆರೆದು ಹೇಳುತ್ತಿದ್ದುದು ನನಗೆ ಇಂದಿಗೂ ಇಷ್ಟ. ಮಲಗಿದವರಿಗೆ ತೊಂದರೆ ಎಂದರೆ ‘ಎಟಿಎಂ0’ ಎಂಬ ಆಜ್ಞೆ ಬರೆದರೆ ಸ್ಪೀಕರ್ ಪೂರ್ತಿ ಬಂದ್.

‘ಎಟಿ’ಯಿಂದ ಶುರುವಾಗುವ ಈ ಆಜ್ಞೆಗಳು 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಜೊತೆ ಬಂದವು. ಉಳಿದ ಕಂಪನಿಗಳೂ ಅದನ್ನೇ ಅನುಸರಿಸಿದವು. ‘ಎಟಿಡಿಟಿ’ ಎಂದರೆ ಟೋನಿನಲ್ಲಿ ಡಯಲ್ ಮಾಡು, ‘ಎಟಿಡಿಪಿ’ ಎಂದರೆ ಹಳೆಯ ಚಕ್ರದ ಫೋನಿನಂತೆ ಪಲ್ಸಿನಲ್ಲಿ ಡಯಲ್ ಮಾಡು, ‘ಎಟಿಎಚ್’ ಎಂದರೆ ಫೋನ್ ಇಡು. ನಮ್ಮಲ್ಲಿ ಬಹಳ ಜನರನ್ನು ಕಾಡಿದ್ದು ಡಯಲ್ ಟೋನ್. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸಿನ ಎರಡು ಸ್ವರ ಸೇರಿದ್ದು. ನಮ್ಮದು 400 ಹರ್ಟ್ಸಿನ, ಸ್ವಲ್ಪ ಗುನುಗುವ ಸ್ವರ. ಹೊಸ ಮೋಡೆಮ್ ಅದನ್ನು ಗುರುತಿಸದೆ ‘ನೋ ಡಯಲ್‌ಟೋನ್’ ಎಂದು ಹಟ ಹಿಡಿಯುತ್ತಿತ್ತು. ಕೊಂಡವರು ಮೋಡೆಮ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯುತ್ತಿದ್ದರು. ವಿಂಡೋಸ್‌ನಲ್ಲಿ ‘ಡಯಲ್ ಟೋನ್‌ಗಾಗಿ ಕಾಯಿ’ ಎಂಬಲ್ಲಿನ ಗುರುತು ತೆಗೆದರೆ, ಇಲ್ಲವೇ ‘ಎಟಿಎಕ್ಸ್3’ ಎಂದು ಬರೆದರೆ, ಸಮಸ್ಯೆ ಮುಗಿಯಿತು.

ವೇಗದ ಬಗ್ಗೆಯೂ ಒಂದು ಗೊಂದಲವಿತ್ತು. ಪೆಟ್ಟಿಗೆಯ ಮೇಲೆ 56ಕೆ ಎಂದಿರುತ್ತಿತ್ತು, ಪರದೆ 45,333 ಎಂದು ತೋರಿಸುತ್ತಿತ್ತು. ಕೆಲವು ಕಂಪ್ಯೂಟರುಗಳು 1,15,200 ಎಂದು ತೋರಿಸಿ ಹಿಗ್ಗಿಸುತ್ತಿದ್ದವು. ಈ ಕೊನೆಯದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಮೊಳದುದ್ದ ಕೇಬಲಿನ ವೇಗ, ಇಂಟರ್ನೆಟ್‌ಗೂ ಅದಕ್ಕೂ ಸಂಬಂಧವಿಲ್ಲ. 56ಕೆ ಎಂದರೆ ಸೆಕೆಂಡಿಗೆ 56,000 ಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್, ಹಾಗಾಗಿ ಕಾಗದದ ಮೇಲೆ ಸೆಕೆಂಡಿಗೆ ಏಳು ಕಿಲೋಬೈಟ್. ಕೈಗೆ ಸಿಗುತ್ತಿದ್ದುದು ನಾಲ್ಕು, ಐದು. ಐದು ಮೆಗಾಬೈಟಿನ ಒಂದು ಹಾಡಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಇಂದು ನಾವು ಯೋಚಿಸದೆ ಖರ್ಚು ಮಾಡುವ ಒಂದು ಗಿಗಾಬೈಟ್, 56ಕೆ ಪೂರ್ತಿ ಸಿಕ್ಕರೂ ಸುಮಾರು 40 ಗಂಟೆಯ ಕೆಲಸ.

56ಕೆ ಬಂದ ಬಗೆ ಚೆಂದದ್ದು, ಸ್ವಲ್ಪ ತಾಳ್ಮೆಯಿಂದ ನೋಡಿ. ಎರಡು ಕಡೆಯೂ ಸದ್ದೇ ಆದರೆ 33,600ಕ್ಕಿಂತ ಮೇಲೆ ಹೋಗುವುದು ಕಷ್ಟ. ಆದರೆ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಕೆಲಸವೇನು? ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ ಎಂಟು ಬಿಟ್ಟಿನ ಸಂಖ್ಯೆಯಾಗಿಸುತ್ತದೆ. ಇಂಟರ್ನೆಟ್ ಕಂಪನಿಯ ಕಡೆ ತಂತಿ ಬದಲು ಡಿಜಿಟಲ್ ಸಂಪರ್ಕವಿದ್ದರೆ ಅದು ಸದ್ದು ಮಾಡಬೇಕಿಲ್ಲ, ಸಂಖ್ಯೆಗಳನ್ನೇ ನೇರ ಕಳಿಸಬಹುದು. ಅವು ಸದ್ದಾಗುವುದು ನಿಮ್ಮ ಮನೆಗೆ ಸೇರಿದ ಎಕ್ಸ್‌ಚೇಂಜಿನಲ್ಲಿ, ಒಂದೇ ಸಲ. ಎಂಟು ಬಿಟ್ಟಿನಲ್ಲಿ ನಂಬಿಕೆಗೆ ಯೋಗ್ಯವಾದವು ಏಳು. ಎಂಟು ಸಾವಿರವನ್ನು ಏಳರಿಂದ ಗುಣಿಸಿ, 56,000 ಬಂತು. 1998ರ ವಿ.90 ಎಂಬ ಮಾನದಂಡ ಇದನ್ನೇ ನಿಗದಿ ಮಾಡಿತು. ಇದು ಬರುವ ದಾರಿಗೆ ಮಾತ್ರ. ನೀವು ಕಳಿಸುವುದು 33,600ರಲ್ಲೇ. ಊರಿನ ಎಕ್ಸ್‌ಚೇಂಜ್ ಡಿಜಿಟಲ್ ಆಗಿರದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಆ ನೆಲಗಟ್ಟಿನಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ: ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಕಿತ್ತೂರಿನಲ್ಲಿ.

ಉಳಿದದ್ದು ಮನೆಯೊಳಗಿನ ವಿಷಯ. ಕಾಲ್ ವೇಟಿಂಗ್ ಇದ್ದರೆ, ಹೊಸ ಕರೆ ಬಂದಾಗಿನ ‘ಬೀಪ್’ ಸಂಪರ್ಕವನ್ನು ಕಡಿಯುತ್ತಿತ್ತು. ಪರದೆಯ ಮೇಲೆ ‘ನೋ ಕ್ಯಾರಿಯರ್’. ಅರ್ಧ ಇಳಿದ ಫೈಲ್ ಮೊದಲಿಂದ ಶುರು. ನಿಂತಲ್ಲಿಂದ ಮುಂದುವರಿಸುವ ಗೆಟ್‌ರೈಟ್‌ನಂಥ ತಂತ್ರಾಂಶ ಅದಕ್ಕೇ ಅಷ್ಟು ಬೇಕಾದದ್ದಾಯಿತು. ಅಶ್ವಿನಿ, ಭರಣಿ ಮಳೆಯ ಗುಡುಗು ಮೈಸೂರಿನವರಿಗೆ ಗೊತ್ತು. ಕಂಬದ ಮೇಲೆ ಬಂದ ತಂತಿಯಲ್ಲಿ ಸಿಡಿಲಿನ ವಿದ್ಯುತ್ ಹರಿದರೆ ಮೊದಲು ಸುಡುವುದು ಮೋಡೆಮ್, ಒಳಗಿನ ಕಾರ್ಡಾದರೆ ಕೆಲವೊಮ್ಮೆ ಮದರ್‌ಬೋರ್ಡೂ. ಕರೆಂಟ್ ಪ್ಲಗ್ ಕಿತ್ತರಷ್ಟೇ ಸಾಲದು, ಫೋನ್ ತಂತಿಯನ್ನೂ ಕೀಳಬೇಕು ಎಂಬ ಪಾಠ ಒಂದೊಂದು ಬೀದಿಯಲ್ಲೂ ಒಬ್ಬರ ಖರ್ಚಿನಲ್ಲಿ ಉಳಿದವರಿಗೆ ಸಿಕ್ಕಿತು. ಈ ಮಾತು ತಾಮ್ರದ ಲೈನ್ ಇನ್ನೂ ಇರುವ ಮನೆಗಳಿಗೆ ಇಂದಿಗೂ ಅನ್ವಯ.

ಇಷ್ಟೆಲ್ಲ ಕಷ್ಟಪಟ್ಟು ಮಾಡುತ್ತಿದ್ದುದೇನು? ಮೈಸೂರಿನ ಬಹಳಷ್ಟು ನಿವೃತ್ತರ ಮನೆಗಳಲ್ಲಿ ಒಂದೇ ಉತ್ತರ: ಅಮೆರಿಕದಲ್ಲಿರುವ ಮಕ್ಕಳಿಗೆ ಇಮೇಲ್. 1990ರ ದಶಕದ ಕೊನೆಗೆ ಅಲ್ಲಿಗೆ ಐಎಸ್‌ಡಿ ಕರೆ ನಿಮಿಷಕ್ಕೆ ಐವತ್ತು ರೂಪಾಯಿಗೂ ಮೇಲಿತ್ತು. ಇಮೇಲ್‌ಗೆ ಬೇಕಾದದ್ದು ಎರಡು ನಿಮಿಷದ ಸ್ಥಳೀಯ ಕರೆ. ಜಾಣ ವಿಧಾನ ಹೀಗಿತ್ತು: ಸಂಪರ್ಕವಿಲ್ಲದೆಯೇ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ನಿಧಾನವಾಗಿ ಪತ್ರ ಬರೆಯುವುದು. ಆಮೇಲೆ ಡಯಲ್ ಮಾಡಿ, ಬರೆದದ್ದನ್ನು ಕಳಿಸಿ, ಬಂದದ್ದನ್ನು ಇಳಿಸಿಕೊಂಡು, ಕೂಡಲೇ ಕಡಿಯುವುದು. ಓದುವುದು ಮತ್ತೆ ಬಿಡುವಾಗಿ. 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ಮೂಲಕ ಫೋನ್ ಮಾಡುವುದು ನಮ್ಮಲ್ಲಿ ಕಾನೂನುಬದ್ಧವಾಯಿತು. ಅಲ್ಲಲ್ಲಿ ತುಂಡಾದರೂ ಮೊಮ್ಮಕ್ಕಳ ದನಿ ಅದೇ ಡಯಲ್‌ಅಪ್ ಮೇಲೆ ಬರತೊಡಗಿತು.

ಕನ್ನಡ ಓದುವುದಕ್ಕೆ ಬೇರೆಯದೇ ಪಾಡು. ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ 1996ರ ಡಿಸೆಂಬರಿನಲ್ಲೇ ಜಾಲಕ್ಕೆ ಬಂದಿತ್ತು. ಆದರೆ ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಮೊದಲು ಫಾಂಟ್ ಇಳಿಸಿಕೊಳ್ಳಬೇಕು, ಆಮೇಲೆ ಓದಬೇಕು. ಕೆಲವರು ಕನ್ನಡದ ಪುಟವನ್ನು ಚಿತ್ರವಾಗಿಸಿ ಹಾಕುತ್ತಿದ್ದರು. ಅದು ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಮೂಡುವಾಗ ಮೊದಲ ಸಾಲಿನ ಒತ್ತಕ್ಷರಕ್ಕೂ ಕಾಯಬೇಕು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ ಎಷ್ಟೋ ಮನೆಗಳಲ್ಲಿ ಡಯಲ್‌ಅಪ್‌ನಲ್ಲಿ ಇಳಿಸಿಕೊಂಡ ಮೊದಲ ತಂತ್ರಾಂಶ. ದೊಡ್ಡ ತಂತ್ರಾಂಶಗಳಿಗೆ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಯೇ ಗತಿ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡಾಟಾಒನ್’ ಬ್ರಾಡ್‌ಬ್ಯಾಂಡ್ ಆರಂಭಿಸಿತು. ವೇಗ ಸೆಕೆಂಡಿಗೆ 256 ಕಿಲೋಬಿಟ್. ತಂತಿ ಅದೇ, ತಾಮ್ರದ್ದೇ. ಬದಲಾದದ್ದು ಏನೆಂದರೆ, ದನಿಗೆ ಕೆಳಗಿನ ಜಾಗ ಬಿಟ್ಟು, 25,000 ಹರ್ಟ್ಸಿನಿಂದ ಮೇಲಿನ ಖಾಲಿ ಜಾಗವನ್ನು ಮಾಹಿತಿಗೆ ಬಳಸಿದರು. 3,400ರ ಮಿತಿ ಇದ್ದದ್ದು ಎಕ್ಸ್‌ಚೇಂಜಿನಲ್ಲಿ, ತಂತಿಯಲ್ಲಲ್ಲ. ‘ಸ್ಪ್ಲಿಟರ್’ ಎಂಬ ಪುಟ್ಟ ಡಬ್ಬಿ ಎರಡನ್ನೂ ಬೇರೆ ಮಾಡುತ್ತಿತ್ತು. ಫೋನೂ ಇಂಟರ್ನೆಟ್ಟೂ ಒಟ್ಟಿಗೆ ನಡೆಯತೊಡಗಿದವು. ಡಯಲ್‌ಅಪ್ ಅಲ್ಲಿಂದ ಹಿಂದೆ ಸರಿಯಿತು. ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ನಿಲ್ಲಿಸಿದ್ದು 2025ರ ಸೆಪ್ಟೆಂಬರ್ 30ಕ್ಕೆ.

ಈಗಲೂ ಆ ಸದ್ದು ಕೇಳಬೇಕು, ಮಕ್ಕಳಿಗೆ ತೋರಿಸಬೇಕು ಎನ್ನುವವರಿಗೆ ದಾರಿಯಿದೆ. ಹಳೆಯ ಹೊರ ಮೋಡೆಮ್ ಎರಡು ಬೇಕು. ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವರಲ್ಲಿ ವಿಚಾರಿಸಿ, ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಕೊಳ್ಳುವಾಗ ಅಡಾಪ್ಟರ್ ಜೊತೆಗಿದೆಯೇ ನೋಡಿ, ಬೇರೆ ವೋಲ್ಟೇಜಿನದು ಹಾಕಿದರೆ ಸುಟ್ಟುಹೋಗುತ್ತದೆ. ಇಂದಿನ ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಪೋರ್ಟ್ ಇರದ ಕಾರಣ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಎರಡು ಬೇಕು. ಎರಡು ಮೋಡೆಮ್‌ಗಳ ‘ಲೈನ್’ ಕಿಂಡಿಗಳನ್ನು ಒಂದು ಸಾಧಾರಣ ಫೋನ್ ವೈರಿನಿಂದ ಸೇರಿಸಿ. ಪುಟ್ಟಿಯಂಥ ಉಚಿತ ಟರ್ಮಿನಲ್ ತಂತ್ರಾಂಶ ತೆರೆದು, ಒಂದರಲ್ಲಿ ‘ಎಟಿಎಕ್ಸ್3ಡಿ’ ಎಂದು, ಇನ್ನೊಂದರಲ್ಲಿ ‘ಎಟಿಎ’ ಎಂದು ಬರೆದು ಎಂಟರ್ ಒತ್ತಿ. ನಡುವೆ ಎಕ್ಸ್‌ಚೇಂಜ್ ಇಲ್ಲದಿದ್ದರೂ ಬಹಳಷ್ಟು ಮೋಡೆಮ್‌ಗಳು ಕೆಲಸ ಮಾಡುತ್ತವೆ. ಕೂಗಾಟ ಮುಗಿದು ‘ಕನೆಕ್ಟ್’ ಎಂದು ಬಂದ ಮೇಲೆ ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಮೂಡುತ್ತದೆ. ಪೆಟ್ಟಿಗೆಯ ಮೇಲೆ 56ಕೆ ಎಂದಿದ್ದರೂ ಇಲ್ಲಿ ಸಿಗುವುದು ಹೆಚ್ಚೆಂದರೆ 33,600. ಮೋಡೆಮ್ ಕೆಟ್ಟಿದೆ ಎಂದುಕೊಳ್ಳಬೇಡಿ, ಈ ವೈರಿನ ಯಾವ ತುದಿಯೂ ಡಿಜಿಟಲ್ ಅಲ್ಲ.